ಸೋರುವ ಜೀಪಿನ ಕೆಳಗೆ, ಮೆಣಸೆಯಲ್ಲಿ

ಬಗ್ಗಿ ನೋಡಿ. ಹಾಗಲ್ಲ, ಮೊಣಕಾಲೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು. ಮಂಜು ಇನ್ನೂ ತೋಟದ ಮೇಲಿಂದ ಎದ್ದಿಲ್ಲ, ಶೆಡ್ಡಿನ ನೆಲ ತಣ್ಣಗಿದೆ. ಜೀಪಿನ ಅಡಿಯಲ್ಲಿ ನಿನ್ನೆ ಸಂಜೆ ಮೇಸ್ತ್ರಿ ಹಾಸಿಟ್ಟ ಅಡಿಕೆ ಹಾಳೆಗಳಿವೆ. ಒಂದು ಎಂಜಿನ್ನಿನ ಮೂತಿಯ ಕೆಳಗೆ, ಒಂದು ಕ್ಲಚ್ ಹೌಸಿಂಗಿನ ಅಡಿಗೆ, ಒಂದು ಟ್ರಾನ್ಸ್‌ಫರ್ ಕೇಸಿನ ಹಿಂಬದಿಗೆ, ಒಂದು ಹಿಂದಿನ ಹೌಸಿಂಗಿನ ನಟ್ಟನಡುವೆ. ರಟ್ಟು ಹಾಸಿದ್ದರೆ ಎಣ್ಣೆಯನ್ನು ಹೀರಿ, ಬೆಳಗಾಗುವಷ್ಟರಲ್ಲಿ ಎಲ್ಲ ಸೇರಿ ಒಂದೇ ಕಲೆಯಾಗಿರುತ್ತಿತ್ತು. ಹಾಳೆ ಹೀರುವುದಿಲ್ಲ. ಬಿದ್ದ ಹನಿ ತನ್ನ ಬಣ್ಣ, ವಾಸನೆ ಉಳಿಸಿಕೊಂಡು ಅಲ್ಲೇ ನಿಂತಿರುತ್ತದೆ.

ಮೊದಲನೆಯ ಹಾಳೆಯಲ್ಲಿ ಕಪ್ಪು ಹನಿಗಳು. ಬೆರಳಿಗೆ ಹಚ್ಚಿ ಉಜ್ಜಿದರೆ ಜಾರುತ್ತದೆ, ಗೆರೆಗಳ ಸಂದಿಯಲ್ಲಿ ಮಸಿ ಉಳಿಯುತ್ತದೆ. ಇದು ಎಂಜಿನ್ ಆಯಿಲ್. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಹಾಕಿ ಸ್ವಲ್ಪ ದೂರ ಓಡಿಸಿದರೂ ಮಸಿ ಕಲೆತು ಹೀಗಾಗುತ್ತದೆ, ಆದ್ದರಿಂದ ಕಪ್ಪು ಎಂದ ಮಾತ್ರಕ್ಕೆ ಹಳೆಯದೆಂದು ಹೇಳುವಂತಿಲ್ಲ. ಎರಡನೆಯದರಲ್ಲೂ ಕಪ್ಪೇ, ಇನ್ನೂ ಹೆಚ್ಚು. ಜೀಪಿನ ಹೊಸ ಮಾಲೀಕರು ಅದನ್ನು ನೋಡಿ ಸುಮ್ಮನಾದರು. ಕ್ಲಚ್ ಹೌಸಿಂಗಿನ ಅಡಿ ಎಂಜಿನ್ ಆಯಿಲ್ ಬಿದ್ದರೆ ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು ಎಂದು ಪೇಟೆಯಲ್ಲಿ ಯಾರೋ ಆಗಲೇ ಹೇಳಿ ಕಳಿಸಿದ್ದಾರೆ.

ಮೂರನೆಯ ಹಾಳೆಯ ಹನಿ ಬೇರೆ. ದಪ್ಪ, ಕಂದು ಬಣ್ಣ, ಹಾಳೆ ಓರೆ ಮಾಡಿದರೂ ನಿಧಾನಕ್ಕೆ ಹೊರಡುತ್ತದೆ. ಮೂಗಿನ ಹತ್ತಿರ ತನ್ನಿ. ಆ ಗಂಧಕದ ನಾತ ಗೇರ್ ಆಯಿಲ್‌ನದ್ದು. ಹಲ್ಲಿಗೆ ಹಲ್ಲು ಒತ್ತುವ ಕಡೆ ಲೋಹ ಸವೆಯದಿರಲೆಂದು ಅದಕ್ಕೆ ಸೇರಿಸುವ ರಾಸಾಯನಿಕದಲ್ಲಿ ಗಂಧಕ ಇರುತ್ತದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ನಾಲ್ಕನೆಯದೂ ಅದೇ ವಾಸನೆ, ಆದರೆ ಬಣ್ಣ ಹಾಲು ಬೆರೆಸಿದಂತೆ ಮಸುಕು. ಮೇಸ್ತ್ರಿ ಅದನ್ನು ಕಂಡು ‘ಹಳ್ಳ ದಾಟಿಸಿದಾರೆ’ ಎಂದಷ್ಟೇ ಹೇಳಿ ಬದಿಗಿಟ್ಟರು. ಆ ವಿಷಯ ಆಮೇಲೆ.

ಹಿಂದಿನ ಬಂಪರಿನ ಅಡಿ ನೆಲದಲ್ಲಿ ಕೆಂಪು ಮಿಶ್ರಿತ ಕಪ್ಪು ಕಲೆ ಬೇರೆ ಇದೆ. ಮಾಲೀಕರು ಅದನ್ನೂ ತೋರಿಸುತ್ತಾರೆ. ಮೇಸ್ತ್ರಿ ಬೆರಳಲ್ಲಿ ಮುಟ್ಟಿ, ಅಂಟು ನೋಡಿ, ನಗುತ್ತಾರೆ. ಅದು ಚೊಗರು. ಅಡಿಕೆ ಬೇಯಿಸಿದ ಚೊಗರಿನ ಡಬ್ಬ ಹಿಂದೆ ಇಟ್ಟು ಸಾಗಿಸಿದ್ದು ಕುಲುಕಿ ಚೆಲ್ಲಿದೆ. ಮಲೆನಾಡಿನ ಜೀಪಿನಲ್ಲಿ ಸೋರಿಕೆ ಹುಡುಕುವಾಗ ಮೊದಲು ಗಾಡಿಯದ್ದು ಯಾವುದು, ಸರಕಿನದ್ದು ಯಾವುದು ಎಂದು ಬೇರೆ ಮಾಡಿಕೊಳ್ಳಬೇಕು. ಕೊನೆ ಕೊಯ್ಲಿನ ಹೊತ್ತಿನಲ್ಲಂತೂ ಹೌದು.

ನೀವಿರುವುದು ಮೆಣಸೆಯಲ್ಲಿ, ಶೃಂಗೇರಿ ಪೇಟೆಗೆ ಹತ್ತಿರ. ಊರಿನ ಹೆಸರು ಹೊರಗಿನವರಿಗೆ ಗೊತ್ತಿರುವುದು ಇಲ್ಲಿನ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಕ್ಯಾಂಪಸ್ಸಿನಿಂದ. ಪಂಚೆ ಉಟ್ಟ ಹುಡುಗರು ಇಬ್ಬರು ಮಾತಾಡುತ್ತ ಶೆಡ್ಡಿನ ಮುಂದೆ ಹೋದರು. ಜೀಪು ನೋಡಲು ಒಬ್ಬ ಒಂದು ಕ್ಷಣ ನಿಂತ, ಇನ್ನೊಬ್ಬ ಎಳೆದುಕೊಂಡು ಹೋದ. ಆಚೆ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಈಚೆ ಕೆರೆಕಟ್ಟೆ ದಾಟಿದರೆ ಎಸ್.ಕೆ. ಬಾರ್ಡರಿನಿಂದ ಮಾಳದ ಕಡೆ ಘಟ್ಟ ಇಳಿಯುತ್ತದೆ. ಇಂಥ ಕಡೆ ಜೀಪು ಷೋಕಿಯ ವಸ್ತುವಲ್ಲ. ಗೊಬ್ಬರ, ಅಡಿಕೆ, ಕೆಲಸದವರು, ಹೆರಿಗೆಗೆ ಹೊರಟ ಹೆಂಗಸು ಎಲ್ಲರೂ ಇದರಲ್ಲೇ ರಸ್ತೆಗೆ ಇಳಿದವರು.

ಈ ಜೀಪಿನ ಆರ್.ಸಿ.ಯಲ್ಲಿ ಕೆಎ-18, ಮಹೀಂದ್ರ ಎಂಎಂ 540 ಎಂದಿದೆ. ಒಳಗಿನ ಎಂಜಿನ್ ಪಿಜೋ ಎಕ್ಸ್‌ಡಿಪಿ 4.90. ಹೆಸರೇ ಲೆಕ್ಕ ಹೇಳುತ್ತದೆ, ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್, ಒಟ್ಟು 2112 ಸಿಸಿ. ಫ್ರಾನ್ಸಿನಲ್ಲಿ ಹುಟ್ಟಿದ ಡೀಸೆಲ್ ಎಂಜಿನ್, 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ಜೋಡಿಸಲು ಶುರು ಮಾಡಿದ ಅಮೆರಿಕದ ವಿಲ್ಲಿಸ್ ಜೀಪಿನ ಮೈಕಟ್ಟು, ಮೇಲೆ ಶಿವಮೊಗ್ಗದಲ್ಲೋ ಚಿಕ್ಕಮಗಳೂರಲ್ಲೋ ಕಟ್ಟಿಸಿದ ಟಾಪು. ಎಲ್ಲ ಜೀಪಿನಲ್ಲೂ ಆರ್.ಸಿ.ಯಲ್ಲಿದ್ದ ಎಂಜಿನ್ನೇ ಇರುತ್ತದೆಂದು ನಂಬಿ ಕೂರಬೇಡಿ, ಇಲ್ಲಿ ಗಾಡಿಗಿಂತ ಹೆಚ್ಚು ಎಂಜಿನ್ನುಗಳು ಮನೆ ಬದಲಿಸಿವೆ. 15 ವರ್ಷ ಕಳೆದ ಖಾಸಗಿ ಗಾಡಿಗೆ 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. ಸೋರಿಕೆ ನಿಲ್ಲಿಸಬೇಕೆನ್ನುವ ಮಾಲೀಕರ ಅವಸರಕ್ಕೆ ಅದೂ ಒಂದು ಕಾರಣ. ಕೊಳ್ಳುವ ದಿನ ಎಂಜಿನ್ ಫಳಫಳ ಹೊಳೆಯುತ್ತಿತ್ತಂತೆ. ಮಾರುವ ಹಿಂದಿನ ದಿನ ತೊಳೆದ ಎಂಜಿನ್ ನನಗಂತೂ ಅನುಮಾನ ಹುಟ್ಟಿಸುತ್ತದೆ. ನೋಡುವವರ ಕಣ್ಣಿಗೆ ಬೇಕಾದ ಸಾಕ್ಷಿಯೆಲ್ಲ ನೀರಿನ ಜೊತೆ ಹೋಗಿರುತ್ತದೆ. ಧೂಳು ಹಿಡಿದ ಎಂಜಿನ್ ತೋರಿಸುವವರ ಹತ್ತಿರ ಚೌಕಾಸಿ ಮಾಡಬಹುದು.

ಈಗ ಮೇಸ್ತ್ರಿಯೂ ತೊಳೆಯುತ್ತಾರೆ, ಆದರೆ ಉದ್ದೇಶ ಬೇರೆ. ಬಾಂಡ್ಲಿಯಲ್ಲಿ ಡೀಸೆಲ್, ಕೈಯಲ್ಲಿ ಪೇಂಟಿನ ಹಳೇ ಬ್ರಷ್ಷು. ಚಾಸಿಯ ಕೆಳಗೆ ಕೆಂಪು ಮಣ್ಣು ಮತ್ತು ಎಣ್ಣೆ ಸೇರಿ ಬೆರಳು ದಪ್ಪಕ್ಕೆ ಕೂತಿದೆ. ಅದನ್ನು ಸ್ಕ್ರೂಡ್ರೈವರಿನಲ್ಲಿ ಕೆರೆದು ತೆಗೆದ ಮೇಲೆ ಬ್ರಷ್ಷು, ಆಮೇಲೆ ಸೋಪಿನ ನೀರು. ಡೈನಮೋ, ಸ್ಟಾರ್ಟರಿಗೆ ಪ್ಲಾಸ್ಟಿಕ್ ಕಟ್ಟಿದ್ದಾರೆ. ಬಾಂಡ್ಲಿಯ ಕೊಳೆ ನೀರನ್ನು ಚರಂಡಿಗೆ ಬಿಡದೆ ಡ್ರಮ್ಮಿಗೆ ಸುರಿಯುತ್ತಾರೆ. ಇಲ್ಲಿನ ಚರಂಡಿ ಕೊನೆಗೆ ಹೋಗುವುದು ತುಂಗೆಗೆ, ಕೆಳಗೆ ಶೃಂಗೇರಿ ಮಠದ ಘಟ್ಟದಲ್ಲಿ ಮೀನುಗಳಿವೆ. ಡ್ರಮ್ಮಿನ ಸುಟ್ಟ ಆಯಿಲ್ ಕೇಳಿಕೊಂಡು ಬೇಲಿಗೂಟಕ್ಕೆ ಬಳಿಯುವವರು ಬರುತ್ತಾರೆ. ಗೆದ್ದಲು ಹತ್ತುವುದಿಲ್ಲ ಎನ್ನುವುದು ನಿಜ. ತೋಡಿನ ದಂಡೆಯ ಗೂಟಕ್ಕೆ ಬಳಿಯದಿದ್ದರೆ ಒಳ್ಳೆಯದು.

ಒಣಗುವವರೆಗೆ ಜಾಕಿಯ ಮಾತು. ಗಾಡಿಯ ಕೆಳಗೆ ತೂರುವ ಮುಂಚೆ ನೋಡಿ, ಚಾಸಿಯ ಅಡಿ ಎರಡು ಬದಿಗೂ ಮತ್ತಿಮರದ ದಿಮ್ಮಿ ಕೊಟ್ಟಿದ್ದಾರೆ, ಚಕ್ರಕ್ಕೆ ಅಡ್ಡ ಇಟ್ಟಿದ್ದಾರೆ. ದಿಮ್ಮಿಯ ಬದಲು ಇಡುವ ಜಂಬಿಟ್ಟಿಗೆ ಕಲ್ಲು ಎಷ್ಟು ಗಟ್ಟಿ ಕಂಡರೂ ಭಾರ ಒಂದೇ ಕಡೆ ಬಿದ್ದರೆ ಸದ್ದಿಲ್ಲದೆ ಸೀಳುತ್ತದೆ. ಜಾಕಿಯೊಂದನ್ನೇ ನಂಬಿ ಒಳಗೆ ಹೋಗುವುದು ಬೇಡವೇ ಬೇಡ.

ಮೇಸ್ತ್ರಿ ಈಗ ಒಳಗಿಂದ ತಂದದ್ದು ಕೇರಂ ಬೋರ್ಡಿನ ಪೌಡರು. ಒಣಗಿದ ಎಂಜಿನ್ನಿನ ಹಿಂಬದಿ, ಟ್ಯಾಪೆಟ್ ಕವರಿನ ಸುತ್ತ, ಬ್ಲಾಕಿನ ಪಕ್ಕ, ಕ್ಲಚ್ ಹೌಸಿಂಗಿನ ಹೊರಮೈ ಎಲ್ಲಕ್ಕೂ ಬಟ್ಟೆಯಲ್ಲಿ ಕಟ್ಟಿ ಕುಟ್ಟಿ ಕುಟ್ಟಿ ಉದುರಿಸುತ್ತಾರೆ. ಎಂಜಿನ್ ಬಿಳಿಯಾಯಿತು. ಎಣ್ಣೆ ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹೀಗಾಗಿ ಹನಿ ಬೀಳುವ ಜಾಗ ಹೆಚ್ಚಾಗಿ ಸೋರುವ ಜಾಗವಲ್ಲ. ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದು ಎಂದು ಹುಡುಕಬೇಕು. ಪೌಡರಿನ ಮೇಲೆ ಎಣ್ಣೆ ಮೊದಲು ಎಲ್ಲಿ ಗೆರೆ ಎಳೆಯುತ್ತದೋ ಅಲ್ಲೇ ಅದರ ಹುಟ್ಟು.

‘ಸ್ಟಾರ್ಟ್ ಮಾಡಿ.’ ಗ್ಲೋ ಪ್ಲಗ್ಗಿಗೆ ಸ್ವಲ್ಪ ಹೊತ್ತು ಕೊಟ್ಟು ಚಾವಿ ತಿರುಗಿಸುತ್ತೀರಿ. ಕಟಕಟ ಎಂದು ಹಿಡಿಯಿತು. ಬಿಸಿಯಾಗಲು ಬಿಡಬೇಕು, ತಣ್ಣಗಿನ ಆಯಿಲ್ ದಪ್ಪ, ಅದು ಸುಳ್ಳು ಹೇಳುತ್ತದೆ. ಟೆಂಪರೇಚರ್ ಮುಳ್ಳು ಎದ್ದ ಮೇಲೆ ಮೇಸ್ತ್ರಿ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಬೋರಲು ಮಾಡಿ ತೂತಿನ ಮೇಲೆ ಸುಮ್ಮನೆ ಇಟ್ಟರು. ಗಂಜಿ ಕುದಿವ ಪಾತ್ರೆಯ ಮುಚ್ಚಳದ ಹಾಗೆ ಅದು ತಟತಟ ಕುಣಿಯಿತು, ಪಕ್ಕದಿಂದ ಹೊಗೆ ಉಸುರಿತು. ಬ್ಯಾಕ್ ಕಂಪ್ರೆಷನ್. ಪಿಸ್ಟನ್ ಪಕ್ಕದಿಂದ ಸ್ವಲ್ಪ ಗಾಳಿ ಕೆಳಗಿಳಿದು ಕ್ರ್ಯಾಂಕ್ ಕೇಸಿಗೆ ಬರುವುದು ಎಲ್ಲ ಎಂಜಿನ್ನಿನಲ್ಲೂ ಇದೆ, ಸವೆದ ರಿಂಗಿನಲ್ಲಿ ಹೆಚ್ಚು. ಆ ಗಾಳಿ ಹೊರಗೆ ಹೋಗಲೆಂದು ಬ್ರೀದರ್ ಪೈಪು. ಅದು ಕಟ್ಟಿದರೆ ಒಳಗಿನ ಒತ್ತಡ ಪ್ಯಾಕಿಂಗ್, ಸೀಲು, ಡಿಪ್‌ಸ್ಟಿಕ್ಕು, ಎಲ್ಲಿ ಸಡಿಲವಿದೆಯೋ ಅಲ್ಲಿಂದ ಆಯಿಲ್ಲನ್ನು ಹೊರದೂಡುತ್ತದೆ. ಅಂಥ ಎಂಜಿನ್ನಿಗೆ ಎಷ್ಟು ಸೀಲ್ ಬದಲಿಸಿದರೂ ಸೋರುತ್ತದೆ.

ಕುಣಿಯುವ ಮುಚ್ಚಳ ನೋಡಿದೊಡನೆ ಎಂಜಿನ್ ಬೋರಿಗೆ ಕಳಿಸುವವರಿದ್ದಾರೆ. ಮೇಸ್ತ್ರಿ ಬ್ರೀದರಿನ ಜಾಡು ಹಿಡಿದು ಕೈ ಜಾರಿಸುತ್ತ ಹೋದರು. ಹಿಂದಿನ ಮಾಲೀಕರಲ್ಲಿ ಯಾರೋ ಹೊಗೆ ಒಳಗೆ ಬರುತ್ತದೆಂದು, ತೋಟಕ್ಕೆ ನೀರು ಬಿಡುವ ಕಪ್ಪು ಪೈಪಿನ ತುಂಡೊಂದನ್ನು ಬ್ರೀದರಿಗೆ ಸಿಕ್ಕಿಸಿ ಕೆಳಗೆ ಇಳಿಬಿಟ್ಟಿದ್ದಾರೆ. ಸೈಲೆನ್ಸರ್ ಪೈಪಿನ ಬಿಸಿಗೆ ಅದು ಮೆತ್ತಗಾಗಿ ಚಪ್ಪಟೆಯಾಗಿದೆ. ತುದಿಯಲ್ಲಿ ಕೆಂಪು ಮಣ್ಣಿನ ಬಿರಡೆ. ಪೈಪು ಕಿತ್ತ ಕೂಡಲೇ ಒಳಗಿಂದ ಬಿಸಿ ಹೊಗೆ ಭುಸ್ಸೆಂದಿತು. ಮುಚ್ಚಳ ಇನ್ನೂ ಕುಣಿಯುತ್ತಿದೆ, ಆದರೆ ಹಾರುತ್ತಿಲ್ಲ. ರಿಂಗು ಒಂದಿಷ್ಟು ಸವೆದಿದೆ, ಈ ವಯಸ್ಸಿಗೆ ಅದು ಸಹಜ. ಎಂಜಿನ್ ಬಿಚ್ಚುವಷ್ಟಿಲ್ಲ. ಎಣ್ಣೆಗೆ ತಡೆಯುವ, ಬಿಸಿಗೆ ಬಗ್ಗದ ರಬ್ಬರ್ ಹೋಸು ಹಾಕಿ, ಸೈಲೆನ್ಸರಿನಿಂದ ದೂರಕ್ಕೆ ತಿರುಗಿಸಿ ಕ್ಲಿಪ್ಪು ಬಿಗಿದರು. ಇಡೀ ದಿನದಲ್ಲಿ ಇದಕ್ಕಿಂತ ಅಗ್ಗದ ಕೆಲಸ ಇನ್ನೊಂದಿರಲಿಲ್ಲ, ಇದಕ್ಕಿಂತ ದೊಡ್ಡದೂ ಇರಲಿಲ್ಲ.

ಪೌಡರ್ ನೋಡಿ ಈಗ. ಟ್ಯಾಪೆಟ್ ಕವರಿನ ಹಿಂದಿನ ಮೂಲೆ, ಡ್ಯಾಶ್ ಬೋರ್ಡಿನ ಗೋಡೆಗೆ ಒತ್ತಿಕೊಂಡಂತಿರುವ ಕಡೆ, ಟಾರ್ಚ್ ಓರೆ ಹಿಡಿದರೆ ಮಾತ್ರ ಕಾಣುತ್ತದೆ: ಬಿಳಿಯ ಮೇಲೆ ಒಂದು ಕಪ್ಪು ಗೆರೆ. ಅದು ಬ್ಲಾಕಿನ ಬೆನ್ನಿನ ಮೇಲೆ ಇಳಿದು, ಕ್ಲಚ್ ಹೌಸಿಂಗಿನ ಹೊರಮೈ ಸುತ್ತಿ, ಕೆಳಗಿನ ತೂತಿನ ಬಾಯಲ್ಲೇ ಹನಿಯಾಗಿ ನಿಂತಿದೆ. ಒಳಗಿಂದ ಬಂದಂತೆಯೇ ಕಾಣುತ್ತದೆ. ಮೇಸ್ತ್ರಿ ಕಂಬಿಯ ತುದಿಗೆ ಬಿಳಿ ಬಟ್ಟೆ ಸುತ್ತಿ ಆ ತೂತಿನೊಳಗೆ ಹಾಕಿ ತಿರುಗಿಸಿ ತೆಗೆದರು. ಧೂಳಿನ ಬಣ್ಣ, ಅಂಚಿನಲ್ಲಿ ಮಾತ್ರ ತುಸು ಜಿಡ್ಡು. ಹಿಂದಿನ ಸೀಲು ಪೂರ್ತಿ ಹೋಗಿದ್ದರೆ ಬಟ್ಟೆ ತೊಯ್ದು ಬರುತ್ತಿತ್ತು, ಕ್ಲಚ್ ಪ್ಲೇಟಿಗೆ ಆಯಿಲ್ ಹತ್ತಿ ಏರಿನಲ್ಲಿ ಎಂಜಿನ್ ಕಿರುಚಿ ಗಾಡಿ ನಿಂತಲ್ಲೇ ನಿಲ್ಲುತ್ತಿತ್ತು. ಗೇರ್ ಬಾಕ್ಸ್ ಇಳಿಸುವ ಮಾತು ಅಲ್ಲಿಗೆ ನಿಂತಿತು. ಮಾಲೀಕರ ಮುಖಕ್ಕೆ ರಕ್ತ ಬಂತು, ಟೀ ತರಿಸಿದರು.

ಕವರ್ ಬಿಚ್ಚಿದರೆ ಕಾರ್ಕ್ ಪ್ಯಾಕಿಂಗಿನ ಒಂದು ತುಂಡು ನಾಲಿಗೆ ಚಾಚಿದಂತೆ ಹೊರಗೆ ಬಂದಿದೆ. ಸೋರಿಕೆ ಕಂಡಾಗಲೆಲ್ಲ ಯಾರೋ ನಟ್ಟು ಇನ್ನೊಂದು ಸುತ್ತು ಬಿಗಿದಿದ್ದಾರೆ. ಬಿಗಿದಷ್ಟೂ ಕಾರ್ಕು ಹಿಸುಕಿ ಹೊರಗೆ ಬಂದು, ಸಂದಿ ಹೆಚ್ಚಿದೆ. ಮೇಲೆ ಅನಾಬಾಂಡ್ ಅಂಟು ಬಳಿದಿದ್ದಾರೆ, ಧಾರಾಳವಾಗಿ. ಮೇಸ್ತ್ರಿ ಒಳಗೆ ಕೈ ಹಾಕಿ, ಕವರಿನ ಒಳಅಂಚಿಗೆ ಅಂಟಿಕೊಂಡ ಅದರ ಎಳೆಯೊಂದನ್ನು ಚಿಮಟದಲ್ಲಿ ಎಳೆದು ನಿಮ್ಮ ಅಂಗೈಗೆ ಹಾಕುತ್ತಾರೆ. ಹೊರಗೆ ಎಷ್ಟು ಉಬ್ಬಿ ಬಂದಿದೆಯೋ ಒಳಗೂ ಅಷ್ಟೇ ಉಬ್ಬಿರುತ್ತದೆ. ಒಳಗಿನ ತುಂಡು ಕಳಚಿ ಬಿದ್ದರೆ ಎಂಜಿನ್ನಿನ ಅಡಿಯ ಸಂಪಿಗೆ ಇಳಿದು ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ. ಹೊರಗೆ ಹನಿ ಬೀಳುವುದನ್ನು ನಿಲ್ಲಿಸಲು ಹೋಗಿ ಬೇರಿಂಗಿಗೇ ಆಯಿಲ್ ಇಲ್ಲದ ಹಾಗೆ ಮಾಡುವ ದಾರಿ ಇದು. ಟ್ಯೂಬ್ ಇದ್ದವರೆಲ್ಲ ಮೆಕ್ಯಾನಿಕ್ ಆಗಿಬಿಟ್ಟಿದ್ದಾರೆ ಎನ್ನುವ ನನ್ನ ದೂರು ಇಲ್ಲಿಯದಷ್ಟೇ ಅಲ್ಲ.

ಎರಡೂ ಮೈಯನ್ನು ಬ್ಲೇಡಿನಲ್ಲಿ ಕೆರೆದು, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಹೊಸ ಕಾರ್ಕನ್ನು ಕವರಿನ ಬದಿಗೆ ಮಾತ್ರ ತೆಳುವಾಗಿ ಅಂಟಿಸಿ ಒಣಗಲು ಬಿಟ್ಟರು. ಬಿಗಿಯುವಾಗ ನಡುವಿನಿಂದ ಶುರು, ಆಚೆಗೊಂದು ಈಚೆಗೊಂದು, ಕಾರ್ಕು ಸ್ವಲ್ಪ ಒತ್ತಿದ್ದು ಕಂಡೊಡನೆ ಸಾಕು. ಸ್ಪ್ಯಾನರಿನ ತುದಿ ಹಿಡಿಯದೆ ತಲೆಯ ಹತ್ತಿರ ಹಿಡಿದಿದ್ದಾರೆ ನೋಡಿ, ಕೈಗೆ ಬಲ ಸಿಗಬಾರದೆಂದೇ.

ಮುಂದಿನ ಕೆಲಸ ಟ್ರಾನ್ಸ್‌ಫರ್ ಕೇಸು. ವಿಲ್ಲಿಸ್ ಕಾಲದ ನಕ್ಷೆಯಿಂದ ಇಳಿದು ಬಂದ ಪೆಟ್ಟಿಗೆ ಇದು. ಇದರ ಹಿಂಬದಿಯ ಶಾಫ್ಟಿನ ಮೇಲೇ ಈ ಜೀಪಿನ ಹ್ಯಾಂಡ್ ಬ್ರೇಕ್ ಡ್ರಮ್ಮು. ಇಲ್ಲಿನ ಸೀಲ್ ಸೋರಿದರೆ ಆಯಿಲ್ ನೇರ ಡ್ರಮ್ಮಿನೊಳಗೆ. ಹ್ಯಾಂಡ್ ಬ್ರೇಕ್ ಹಿಡಿಯದೆ ಇರುವುದಕ್ಕೂ ಹಾಳೆಯ ಮೇಲಿನ ಆ ಕಂದು ಹನಿಗೂ ಒಂದೇ ಕಾರಣ. ಮಲೆನಾಡಿನ ಎಷ್ಟೋ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಎಂದರೆ ಹಿಂದೆ ಕೂತ ಹುಡುಗ. ಏರಿನಲ್ಲಿ ಗಾಡಿ ನಿಂತರೆ ‘ಕಲ್ಲು ಕೊಡಾ’ ಎಂದು ಕೂಗುತ್ತಾರೆ, ಅವನು ಹಾರಿ ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಅದನ್ನೇ ರೂಢಿಯೆಂದು ಒಪ್ಪಿಕೊಂಡು ವರ್ಷಗಟ್ಟಲೆ ಓಡಿಸಿದ್ದಾರೆ.

ಸೀಲ್ ತೆಗೆಯುವ ಮುಂಚೆ ಮೇಸ್ತ್ರಿ ಲೆವೆಲ್ ಪ್ಲಗ್ ಬಿಚ್ಚಿ ಕಿರುಬೆರಳು ತೂರಿಸಿದರು. ಆಯಿಲ್ ತೂತಿನ ಅಂಚಿಗೆ ಇರಬೇಕು. ಇಲ್ಲಿ ಪ್ಲಗ್ ಬಿಚ್ಚಿದ್ದೇ ಹೊರಗೆ ಹರಿಯಿತು. ಈ ಜಾತಿಯ ಪೆಟ್ಟಿಗೆಗಳಲ್ಲಿ ಗೇರ್ ಬಾಕ್ಸಿನಿಂದ ಇದಕ್ಕೆ ಆಯಿಲ್ ನುಸುಳುವುದುಂಟು. ಅಲ್ಲಿ ಕಡಿಮೆಯಾಯಿತೆಂದು ತುಂಬಿಸುತ್ತಾರೆ, ಇಲ್ಲಿ ಹೆಚ್ಚಾಗಿ ಸೀಲಿನಿಂದ ಉಕ್ಕುತ್ತದೆ. ಹೊಸ ಸೀಲ್ ಹಾಕಿ ಲೆವೆಲ್ ನೋಡದೆ ಬಿಟ್ಟರೆ ಗಿರಾಕಿ ಮತ್ತೆ ಬರುತ್ತಾರೆ.

ಡ್ರಮ್ಮು ಎಳೆದು, ಹಳೇ ಸೀಲ್ ಕಿತ್ತು, ಫ್ಲೇಂಜಿನ ಕತ್ತನ್ನು ಬೆಳಕಿಗೆ ಹಿಡಿದಾಗ ಉಗುರು ಓಡಿಸಿ ನೋಡಲು ಹೇಳುತ್ತಾರೆ. ಓಡಿಸಿ. ಉಗುರು ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ರಬ್ಬರಿನ ತುಟಿ, ನಡುವೆ ಸಿಕ್ಕ ಕೆಮ್ಮಣ್ಣು, ಎರಡೂ ಸೇರಿ ಉಕ್ಕನ್ನು ಕೊರೆದ ಗೆರೆ ಅದು. ಹೊಸ ಸೀಲಿನ ತುಟಿ ಇದೇ ಗೆರೆಯ ಮೇಲೆ ಕೂತರೆ ಮೊದಲ ದಿನದಿಂದಲೇ ಒಸರುತ್ತದೆ. ಸಿಕ್ಕಿದರೆ ತೆಳು ಉಕ್ಕಿನ ಬಳೆ ಹಾಕಬಹುದು, ಇಲ್ಲದಿದ್ದರೆ ಸೀಲನ್ನು ಕೂದಲೆಳೆಯಷ್ಟು ಹೊರಗೆ ನಿಲ್ಲಿಸಿ ತುಟಿಗೆ ಹೊಸ ಜಾಗ ಕೊಡಬೇಕು. ಮೇಸ್ತ್ರಿ ಎರಡನೆಯದನ್ನೇ ಮಾಡಿದರು. ಸ್ಪ್ರಿಂಗ್ ಇರುವ ಬದಿ ಆಯಿಲ್ ಕಡೆಗೆ, ತುಟಿಗೆ ಆಯಿಲ್ ಸವರಿ, ಹಳೇ ಬೇರಿಂಗಿನ ಕಪ್ಪನ್ನು ಮೇಲಿಟ್ಟು ಸುತ್ತಲೂ ಸಮವಾಗಿ ತಟ್ಟಿ ಕೂರಿಸಿದರು. ಆಯಿಲ್ ಕುಡಿದ ಬ್ರೇಕ್ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಯಲ್ಲಿ ಸುಟ್ಟು ಮತ್ತೆ ಹಾಕಿಕೊಡುವ ಪದ್ಧತಿ ಇದೆ. ಘಟ್ಟ ಇಳಿಯುವ ಗಾಡಿಗೆ ಅದು ಬೇಡ, ಹೊಸದೇ ಹಾಕಿಸಿ.

ಪಕ್ಕದ ಕವರಿನ ಪೇಪರ್ ಪ್ಯಾಕಿಂಗ್ ಹರಿದಿತ್ತು. ಅದನ್ನು ಅಲ್ಲೇ ತಯಾರಿಸುವುದು ನೋಡುವಂಥದ್ದು. ದಪ್ಪ ಪ್ಯಾಕಿಂಗ್ ಹಾಳೆಯನ್ನು ಕವರಿನ ಮೇಲೆ ಹರಡಿ, ಗುಂಡುತಲೆಯ ಸಣ್ಣ ಸುತ್ತಿಗೆಯಲ್ಲಿ ಅಂಚಿನುದ್ದಕ್ಕೂ ತಟ್ಟುತ್ತಾರೆ, ಹೊಡೆಯುವುದಲ್ಲ. ಲೋಹದ ಅಂಚೇ ಕತ್ತರಿಯಾಗಿ ಕಾಗದ ಸುತ್ತಲೂ ಕತ್ತರಿಸಿ ಬೀಳುತ್ತದೆ. ಬೋಲ್ಟಿನ ತೂತಿಗೆ ಸುತ್ತಿಗೆಯ ಗುಂಡು ಬದಿ. ಒಂದೊಂದು ತಟ್ಟಿಗೂ ಒಂದು ಸಣ್ಣ ಬಿಲ್ಲೆ ಉದುರುತ್ತದೆ. ಅಂಗಡಿಯಲ್ಲಿ ಸಿಗದ ಕಾಲದಲ್ಲಿ ಮದುವೆ ಕಾಗದದಲ್ಲೂ ಕತ್ತರಿಸಿದ್ದುಂಟಂತೆ.

ಇನ್ನು ಹಿಂದಿನ ಆಕ್ಸಲ್, ಹಾಲು ಬಣ್ಣದ ಆಯಿಲ್. ಹೌಸಿಂಗಿನ ಮೇಲೆ, ನೀವು ಇಷ್ಟು ಹೊತ್ತೂ ಬೋಲ್ಟು ಎಂದುಕೊಂಡಿದ್ದ ಪುಟ್ಟ ಟೋಪಿಯೇ ಅದರ ಬ್ರೀದರ್. ಮೇಸ್ತ್ರಿ ತಿರುಗಿಸಿ ಬಿಚ್ಚಿ ಕೈಗೆ ಕೊಟ್ಟರು. ತೂತಿನಲ್ಲಿ ಕುಂಬಾರ ಹುಳ ಗೂಡು ಕಟ್ಟಿದೆ, ಮಣ್ಣು ಒಣಗಿ ಇಟ್ಟಿಗೆಯಾಗಿದೆ. ಗಾಡಿ ಓಡಿ ಆಕ್ಸಲ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲದೆ ಪಿನಿಯನ್ ಸೀಲಿನಿಂದ ಆಯಿಲ್ ಹೊರಗೆ ಬರುತ್ತದೆ. ಅದೇ ಬಿಸಿಯಲ್ಲಿ ಹಳ್ಳಕ್ಕೆ ಇಳಿಸಿದರೆ ಗಾಳಿ ಒಮ್ಮೆಗೇ ಕುಗ್ಗಿ, ಅದೇ ಸೀಲಿನಿಂದ ನೀರನ್ನು ಒಳಗೆಳೆಯುತ್ತದೆ. ಹೊರಗೆ ಹನಿಯುವ ಆಯಿಲಿಗಿಂತ ಒಳಗೆ ಹೋದ ನೀರೇ ಕ್ರೌನಿಗೂ ಬೇರಿಂಗಿಗೂ ಶತ್ರು. ಹಳೇ ಆಯಿಲ್ ಪೂರ್ತಿ ಇಳಿಸಿ, ಹೊಸದು ತುಂಬಿ, ಬ್ರೀದರಿಗೆ ಉದ್ದದ ಟ್ಯೂಬು ಸಿಕ್ಕಿಸಿ ಚಾಸಿಯ ಮೇಲೆ ಎತ್ತರಕ್ಕೆ ಕಟ್ಟಿದರು. ಚಕ್ರದ ಡ್ರಮ್ಮು ಬಿಚ್ಚಿ ಒಳಗೆ ಒಂದು ಕಡೆ ತೇವ ಕಂಡಾಗ, ಅದು ಆಕ್ಸಲ್ ಸೀಲಿನದೋ ಬ್ರೇಕ್ ಸಿಲಿಂಡರಿನದೋ ಎಂದು ಒಂದು ಹನಿಯನ್ನು ನೀರಿನ ಲೋಟಕ್ಕೆ ಹಾಕಿ ನೋಡಿದರು. ತೇಲಿತು. ಗೇರ್ ಆಯಿಲ್. ಬ್ರೇಕ್ ಆಯಿಲ್ ಆಗಿದ್ದರೆ ನೀರಿನಲ್ಲಿ ಕಲೆತು ಹೋಗುತ್ತಿತ್ತು. ಆ ಬದಿಯ ಸೀಲೂ ಬದಲಾಯಿತು, ಲೈನರೂ ಬದಲಾಯಿತು.

ಸಂಜೆ ಕಿಗ್ಗದ ರಸ್ತೆಗೆ ತೆಗೆದರು. ಹಿಂದೆ ಕೂತಿದ್ದೀರಿ, ಕಂಬಿ ಹಿಡಿದು. ಒಂದು ಏರಿನ ನಡುವೆ ಮೇಸ್ತ್ರಿ ಬೇಕೆಂದೇ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದು, ಕಾಲು ಪೂರ್ತಿ ಎತ್ತಿದರು. ಗಾಡಿ ಒಮ್ಮೆ ಅಲುಗಿ ನಿಂತಿತು. ಮಾಲೀಕರ ಜೊತೆಗೆ ಬಂದ ಹುಡುಗ ಅಭ್ಯಾಸಬಲದಿಂದ ಹಾರಿ ಕಲ್ಲು ಎತ್ತಿಕೊಂಡಾಗಿತ್ತು. ಯಾರೂ ಕೇಳದೆ ಇದ್ದಾಗ ಕೈಯಲ್ಲೇ ಹಿಡಿದುಕೊಂಡು ವಾಪಸು ಹತ್ತಿದ.

ಶೆಡ್ಡಿಗೆ ಬಂದು ಬಿಸಿ ಇರುವಾಗಲೇ ಟಾರ್ಚ್ ಹಾಕಿ ನೋಡಿದರು. ಟ್ಯಾಪೆಟ್ ಕವರಿನ ಮೂಲೆಯಲ್ಲಿ ಪೌಡರ್ ಬಿಳಿಯಾಗೇ ಇದೆ. ಟ್ರಾನ್ಸ್‌ಫರ್ ಕೇಸು ಒಣ. ಕ್ಲಚ್ ಹೌಸಿಂಗಿನ ತೂತಿನ ಬಾಯಲ್ಲಿ ಮಾತ್ರ ತೆಳು ತೇವ, ಹನಿಯಾಗಿ ಬೀಳುವಷ್ಟಿಲ್ಲ. ಬೆಳಿಗ್ಗೆ ಬಟ್ಟೆಯ ಅಂಚಿಗೆ ಹತ್ತಿದ ಜಿಡ್ಡು ಅದೇ.

‘ಇದಿಷ್ಟು ಹಿಂದಿನ ಸೀಲಿಂದೇ ಮಾರಾಯ್ರೆ’ ಎಂದರು ಮೇಸ್ತ್ರಿ.

‘ಹಾಗಾದ್ರೆ ಅದನ್ನೂ ಮಾಡಿಬಿಡುವ?’

‘ಈಗ ಬೇಡ. ವಾರಕ್ಕೊಮ್ಮೆ ಬೆಳಿಗ್ಗೆ, ಗಾಡಿ ಸಮ ನೆಲದಲ್ಲಿ ಇರುವಾಗ, ಸ್ಟಾರ್ಟ್ ಮಾಡೋ ಮುಂಚೆ ಡಿಪ್‌ಸ್ಟಿಕ್ ನೋಡಿ. ಎರಡು ಗೆರೆ ನಡುವೆ ಇದ್ರೆ ಓಡಿಸಿ. ಕ್ಲಚ್ ಜಾರ್ತದೆ ಅಂತ ಕಂಡ ದಿನ ಬನ್ನಿ. ಆವತ್ತು ಗೇರ್ ಬಾಕ್ಸ್ ಹೇಗೂ ಇಳಿಸ್ಬೇಕು, ಪ್ಲೇಟು ಸೀಲು ಒಟ್ಟಿಗೆ ಆಗ್ತದೆ.’